ಡರ್ಬಿಯಲ್ಲಿ ಒಟ್ಟು ಎಷ್ಟು ಗೋಲು? ಕಾಸರಗೋಡಿನ ನೋಡುಗರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಡರ್ಬಿ ಎಂದರೆ ನೆರೆಹೊರೆಯ ಪೈಪೋಟಿ ತಂಡಗಳ ಪಂದ್ಯ. ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಫುಟ್ಬಾಲ್ ತಂಡಗಳು ಎದುರಾಗುವ ದಿನ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಒಂದೇ ಮನೆಯಲ್ಲಿ ಎರಡು ಪಕ್ಷ. ಭಾಷೆ ಬೆಂಗಳೂರಿನ ಕಡೆಗೆ ಎಳೆದರೆ, ಶಾಲೆ, ಕಾಲೇಜು, ಆಟದ ಗೆಳೆಯರು ಕೊಚ್ಚಿಯ ಹಳದಿ ಜೆರ್ಸಿಯ ಕಡೆಗೆ ಎಳೆಯುತ್ತಾರೆ. ಯಾರು ಗೆಲ್ಲುತ್ತಾರೆಂದು ಇಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರದಲ್ಲಿ ಅಭಿಮಾನವೇ ಹೆಚ್ಚು, ಲೆಕ್ಕ ಕಡಿಮೆ. "ಒಟ್ಟು ಎಷ್ಟು ಗೋಲು ಬೀಳಬಹುದು ಮಾರಾಯ್ರೇ?" ಎಂದು ಕೇಳಿ, ಹಳದಿಯವರೂ ನೀಲಿಯವರೂ ಒಂದು ಗಳಿಗೆ ಯೋಚಿಸುತ್ತಾರೆ. ಯಾರ ಕಡೆಗೂ ವಾಲದೆ ಆಟದ ಬಗ್ಗೆ ತಲೆ ಓಡಿಸಬಹುದಾದ ಪ್ರಶ್ನೆ ಇದೊಂದೇ. ನಮ್ಮಂಥ ಗಡಿನಾಡಿಗೆ ಇದು ಬಹಳ ಒಳ್ಳೆಯ ಪ್ರಶ್ನೆ ಎಂದು ನಾನು ನಂಬುತ್ತೇನೆ.

ಈಗ ಈ ಪ್ರಶ್ನೆಗೆ ಉತ್ತರ ಹೇಳುವ ಜಾಗಗಳು ಬಹಳ ಇವೆ. ವಿದೇಶದ ಪ್ರೆಡಿಕ್ಷನ್ ಮಾರ್ಕೆಟ್‌ಗಳು (ಮುಂದೆ ಏನಾಗುತ್ತದೆ ಎಂಬುದರ ಮೇಲೆ ಪಾಲು ಕೊಂಡು ಮಾರುವ ಜಾಗಗಳು), ಬುಕ್ಕಿಗಳ ದರಪಟ್ಟಿ, ಊರಿನ ವಾಟ್ಸಾಪ್ ಗುಂಪಿನ ಪಂಥ, ದುಡ್ಡಿಲ್ಲದ ಊಹೆಯ ಸ್ಪರ್ಧೆ. ಜೊತೆಗೆ ಎರಡೂವರೆ ಗೋಲಿನ ಗೆರೆ (ಒಟ್ಟು ಗೋಲು ಅದಕ್ಕಿಂತ ಹೆಚ್ಚೋ ಕಡಿಮೆಯೋ), ಮೂರೂವರೆಯ ಗೆರೆ, ನಿಖರ ಸಂಖ್ಯೆ ಎಂದು ಪ್ರಶ್ನೆಯನ್ನೇ ಬೇರೆ ಬೇರೆ ರೀತಿ ಕೇಳುತ್ತಾರೆ. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕಾನೂನು

ಆಯ್ಕೆಗಳಲ್ಲಿ ಅರ್ಧ ಇಲ್ಲಿಗೇ ಮುಗಿಯುತ್ತದೆ, ಆದ್ದರಿಂದ ಇದನ್ನು ಮೊದಲು ನೋಡೋಣ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ದುಡ್ಡು ಹಾಕಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ ಎರಡೂ ಬೆರೆತದ್ದಾಗಲಿ, ಈ ಕಾಯ್ದೆ ಎಲ್ಲವನ್ನೂ ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಬ್ಯಾಂಕು ಮತ್ತು ಪೇಮೆಂಟ್ ಆ್ಯಪ್‌ಗಳು ಆ ದುಡ್ಡನ್ನು ದಾಟಿಸುವಂತಿಲ್ಲ. ಆಡುವವನಿಗೆ ಈ ಕಾಯ್ದೆ ಶಿಕ್ಷೆ ಹೇಳಿಲ್ಲ, ಅವನನ್ನು ನಷ್ಟಕ್ಕೊಳಗಾದವನೆಂದೇ ನೋಡುತ್ತದೆ. ಅದೇ ತಿಂಗಳು ಡ್ರೀಮ್11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. "ಹೌದು–ಅಲ್ಲ" ಎಂದು ಪಾಲು ಮಾರುತ್ತಿದ್ದ ಪ್ರೊಬೊ ಕೂಡ ಹಣದ ವ್ಯವಹಾರ ಮುಚ್ಚಿತು. ಇದು ಕೇಂದ್ರದ ಕಾಯ್ದೆ. ತಲಪಾಡಿಯ ಆಚೆಗೊಂದು ಈಚೆಗೊಂದು ಎಂಬ ಭೇದ ಇಲ್ಲ.

ಹಾಗಾಗಿ ಪಾಲಿಮಾರ್ಕೆಟ್, ಕಾಲ್ಶಿ ಮುಂತಾದ ವಿದೇಶಿ ವೇದಿಕೆಗಳಲ್ಲಿ ದುಡ್ಡು ಹಾಕುವ ದಾರಿಯನ್ನು ನಾನು ಇಲ್ಲಿ ಹೇಳುವುದಿಲ್ಲ, ಹುಡುಕಲೂ ಬೇಡಿ. ಪಾಲಿಮಾರ್ಕೆಟ್ ನಡೆಯುವುದು ಯುಎಸ್‌ಡಿಸಿ ಎಂಬ ಕ್ರಿಪ್ಟೋ ನಾಣ್ಯದಲ್ಲಿ. ಇಂಥ ನಾಣ್ಯಕ್ಕಾಗಿ ಗುರುತಿಲ್ಲದವರೊಡನೆ ಯುಪಿಐ ವ್ಯವಹಾರ ಮಾಡಿದರೆ, ಆ ಕೈಯಿಂದ ಈ ಕೈಗೆ ಬಂದ ದುಡ್ಡಿನಲ್ಲಿ ಎಲ್ಲಿಯದೋ ವಂಚನೆಯ ಹಣ ಸೇರಿರುವ ಅಪಾಯ ಇದೆ. ಯಾವುದೋ ರಾಜ್ಯದ ಪೊಲೀಸರ ಪತ್ರ ಬಂದು ಇಲ್ಲಿನ ಉಳಿತಾಯ ಖಾತೆ ಸ್ಥಗಿತವಾದ ಸುದ್ದಿಗಳನ್ನು ಕೇರಳದಲ್ಲಿ ನಾವು ಓದಿದ್ದೇವೆ. ಗಲ್ಫಿನಿಂದ ಮನೆಗೆ ಬರುವ ದುಡ್ಡೂ ಅದೇ ಖಾತೆಗೆ ತಾನೇ ಬರುವುದು? ಒಂದು ಪಂದ್ಯದ ಗೋಲು ಲೆಕ್ಕಕ್ಕೆ ಅದನ್ನು ಒತ್ತೆ ಇಡಬಾರದು.

ಊರಿನ ಪಂಥ ಆನ್‌ಲೈನ್ ಅಲ್ಲ ಎಂಬ ವಾದವೂ ನಿಲ್ಲುವುದಿಲ್ಲ. 1960ರ ಕೇರಳ ಗೇಮಿಂಗ್ ಕಾಯ್ದೆ ಇದೆ. ಕೋಳಿ ಅಂಕಕ್ಕೆ ದಾಳಿ ಮಾಡುವ ಪೊಲೀಸರಿಗೆ ಫುಟ್ಬಾಲ್ ಜುಗಾರಿ ಹೊಸತೇನಲ್ಲ. ಕಾನೂನಿಗಿಂತ ಮಿಗಿಲಾಗಿ, ದುಡ್ಡು ಒಬ್ಬನ ಕೈಯಲ್ಲಿ ಸೇರಿ, ಕೊನೆಗೆ ಎಕ್ಸ್‌ಟ್ರಾ ಟೈಮಿನ (ತೊಂಬತ್ತು ನಿಮಿಷಕ್ಕೆ ಸಮವಾದಾಗ ಆಡಿಸುವ ಹೆಚ್ಚುವರಿ ಹೊತ್ತಿನ) ಗೋಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕ್ಲಬ್ಬೇ ಎರಡಾಗುವುದನ್ನು ತಡೆಯುವವರು ಯಾರೂ ಇರುವುದಿಲ್ಲ.

ದರವನ್ನು ಓದುವುದು: ಮಾರ್ಕೆಟ್ ಮತ್ತು ಬುಕ್ಕಿ

ದುಡ್ಡು ಹಾಕಬಾರದು ಎಂದ ಮಾತ್ರಕ್ಕೆ ದರ ಓದಬಾರದು ಎಂದಿಲ್ಲ. ಈ ದರಗಳಲ್ಲಿ ಸಾವಿರಾರು ಜನರ ಅಂದಾಜು ಅಡಗಿದೆ, ಅದನ್ನು ಬಿಡಿಸಿ ನೋಡಲು ಕಲಿತರೆ ಆಟ ನೋಡುವ ಕಣ್ಣೇ ಚುರುಕಾಗುತ್ತದೆ.

ಪ್ರೆಡಿಕ್ಷನ್ ಮಾರ್ಕೆಟ್‌ನಲ್ಲಿ ಪ್ರಶ್ನೆ ಹೀಗಿರುತ್ತದೆ: "ಈ ಪಂದ್ಯದಲ್ಲಿ 2.5ಕ್ಕಿಂತ ಹೆಚ್ಚು ಗೋಲು?" ಹೌದು ಎಂಬ ಪಾಲು ಸರಿಯಾದರೆ ಒಂದು ಡಾಲರ್, ತಪ್ಪಾದರೆ ಸೊನ್ನೆ. ಪಾಲು 54 ಸೆಂಟಿಗೆ ಕೈ ಬದಲಾಗುತ್ತಿದ್ದರೆ, ಮೂರು ಅಥವಾ ಹೆಚ್ಚು ಗೋಲು ಬೀಳುವ ಸಾಧ್ಯತೆ ಸುಮಾರು 54 ಶೇಕಡಾ ಎಂದು ಮಾರ್ಕೆಟ್ ಹೇಳುತ್ತಿದೆ. ಇಲ್ಲಿ ದರ ಕಟ್ಟುವ ಧಣಿ ಇಲ್ಲ, ಕೊಳ್ಳುವವನೂ ಮಾರುವವನೂ ಎದುರುಬದುರು. ಈ ಬಗೆಯ ಮಾರ್ಕೆಟ್ ಹೊಸದೂ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1988ರಲ್ಲೇ ಚುನಾವಣೆಗೆ ಇಂಥದ್ದೊಂದನ್ನು ನಡೆಸಿತ್ತು. ಪಾಲಿಮಾರ್ಕೆಟ್ ಹುಟ್ಟಿದ್ದು 2020ರಲ್ಲಿ.

ಬುಕ್ಕಿಯದು ಬೇರೆ ಲೆಕ್ಕ. 2.5ರ ಮೇಲೆ 1.90, ಕೆಳಗೆ 1.90 ಎಂದು ದರ ಹಾಕುತ್ತಾನೆ ಎನ್ನಿ, ಅಂದರೆ ಊಹೆ ಸರಿಯಾದರೆ ಒಂದು ರೂಪಾಯಿಗೆ 1.90 ಮರಳಿ. ಒಂದನ್ನು 1.90ರಿಂದ ಭಾಗಿಸಿದರೆ 52.6 ಶೇಕಡಾ. ಎರಡೂ ಬದಿ ಕೂಡಿಸಿದರೆ 105.2. ನೂರರ ಮೇಲಿನ ಆ ಐದು ಚಿಲ್ಲರೆ ಅವನ ಪಾಲು. ನಿಜವಾದ ಅಂದಾಜು ಬೇಕಾದರೆ 52.6ನ್ನು 105.2ರಿಂದ ಭಾಗಿಸಿ, ಅರ್ಧಕ್ಕರ್ಧ ಬರುತ್ತದೆ. ಇದನ್ನು ಮಾಡದೆ ದರವನ್ನೇ ಸಾಧ್ಯತೆ ಎಂದು ಓದುವುದು ಬಹಳ ಮಂದಿ ಮಾಡುವ ತಪ್ಪು.

ಎರಡರಲ್ಲಿ ಯಾವುದನ್ನು ನಂಬಬೇಕು? ಮ್ಯಾಂಚೆಸ್ಟರ್, ಮ್ಯಾಡ್ರಿಡ್, ಮಿಲಾನ್ ಡರ್ಬಿಗಳಾದರೆ ಮಾರ್ಕೆಟ್ ದರ ಓದಲು ಸುಲಭ, ಜನರೂ ದುಡ್ಡೂ ಅಲ್ಲಿ ಧಾರಾಳ. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯಗಳಿಗೆ ಹಾಗಲ್ಲ. ಕೊಳ್ಳುವವರೂ ಮಾರುವವರೂ ವಿರಳವಾದ ಕಡೆ ಕೊಳ್ಳುವವರು ಕೊಡುತ್ತೇವೆನ್ನುವ ದರ 44, ಮಾರುವವರು ಕೇಳುವ ದರ 60 ಎಂದು ನಡುವೆ ದೊಡ್ಡ ಕಂದಕ ಇರಬಹುದು. ಅಲ್ಲಿ ಕೊನೆಗೆ ನಡೆದ ವ್ಯಾಪಾರದ ದರ ನೋಡಿ "ಮಾರ್ಕೆಟ್ ಹೀಗೆ ಹೇಳುತ್ತದೆ" ಎಂದರೆ ಒಬ್ಬಿಬ್ಬರ ಮಾತನ್ನು ಊರ ಮಾತೆಂದು ಹಿಡಿದಂತೆ. ಅಂಥ ಪಂದ್ಯಕ್ಕೆ ನಿಮ್ಮದೇ ಲೆಕ್ಕ ವಾಸಿ. ಅದು ಕಷ್ಟವಿಲ್ಲ, ಮುಂದೆ ಹೇಳುತ್ತೇನೆ.

ಯಾವ ಗೆರೆ?

1.5, 2.5, 3.5 ಎಂಬ ಅರ್ಧದ ಗೆರೆಗಳಿರುವುದು ಸಮಬಲ ಬಾರದಿರಲಿ ಎಂದು. ಎರಡೂವರೆ ಗೋಲು ಯಾರೂ ಹೊಡೆಯುವುದಿಲ್ಲ, ಆದ್ದರಿಂದ ಉತ್ತರ ಹೌದು ಅಥವಾ ಅಲ್ಲ.

ದೊಡ್ಡ ಲೀಗುಗಳಲ್ಲಿ ಪಂದ್ಯಕ್ಕೆ ಸರಾಸರಿ ಎರಡೂವರೆಯಿಂದ ಮೂರರೊಳಗೆ ಗೋಲು. ಸರಾಸರಿ 2.7 ಎಂದು ಹಿಡಿದು ಪೋಸೋನ್ ಸೂತ್ರಕ್ಕೆ (ಸರಾಸರಿಯಿಂದ ಒಂದೊಂದು ಸಂಖ್ಯೆಯ ಸಾಧ್ಯತೆ ತೆಗೆಯುವ ಸೂತ್ರ) ಹಾಕಿದರೆ ಹೀಗೆ ಬರುತ್ತದೆ: ಗೋಲೇ ಇಲ್ಲದಿರುವ ಸಾಧ್ಯತೆ 7 ಶೇಕಡಾ, ಒಂದು ಗೋಲಿಗೆ 18, ಎರಡಕ್ಕೆ 24ರಿಂದ 25, ಮೂರಕ್ಕೆ 22, ನಾಲ್ಕಕ್ಕೆ 15, ಐದು ಮತ್ತು ಮೇಲಕ್ಕೆ 14ರ ಹತ್ತಿರ. ಅಂದರೆ 1.5ರ ಮೇಲೆ 75, 2.5ರ ಮೇಲೆ 51, 3.5ರ ಮೇಲೆ 29. ಸೂತ್ರ ಫ್ರಾನ್ಸಿನ ಗಣಿತಜ್ಞ ಪೋಸೋನ್‌ರದು, 1837ರದು. ಫುಟ್ಬಾಲ್ ಗೋಲುಗಳಿಗೆ ಇದನ್ನು ಚೆನ್ನಾಗಿ ಹೊಂದಿಸಿ ತೋರಿಸಿದ್ದು 1982ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಾಹರ್. 0-0, 1-1ರಂಥ ಸಣ್ಣ ಅಂಕಗಳಲ್ಲಿ ಸೂತ್ರ ತುಸು ತಪ್ಪುವುದನ್ನು 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ತಿದ್ದಿದರು. ಮೊಬೈಲಿನ ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಪೋಸೋನ್ ಸೂತ್ರ ಸಿದ್ಧವಾಗಿಯೇ ಇರುತ್ತದೆ, ಸರಾಸರಿಯೊಂದನ್ನು ಕೊಟ್ಟರೆ ಸಾಕು.

ಈ ಅಂಕಿಗಳನ್ನು ನೋಡಿದರೆ 2.5ರ ಗೆರೆ ಯಾಕೆ ಎಲ್ಲೆಡೆ ಬಳಕೆಯಲ್ಲಿದೆ ಎಂದು ತಿಳಿಯುತ್ತದೆ. ಎರಡು ಬದಿಯೂ ತೂಗಿ ನಿಲ್ಲುವ ಜಾಗ ಅದು. ಊಹೆಯಲ್ಲಿ ನಿಮ್ಮ ಜಾಣತನ ತೋರಬೇಕಾದರೆ ಇದೇ ಸರಿಯಾದ ಪ್ರಶ್ನೆ. 1.5ರ ಮೇಲೆ ಎಂದು ಹೇಳಿ ನಾಲ್ಕರಲ್ಲಿ ಮೂರು ಸಲ ಸರಿಯಾಗುವುದರಲ್ಲಿ ಕಲಿಯಲು ಹೆಚ್ಚಿಲ್ಲ. 3.5 ಚೆನ್ನಾಗಿ ಹೊಂದುವುದು ಎರಡೂ ತಂಡ ಮುನ್ನುಗ್ಗಿ ಆಡುವವು, ಹಿಂಬದಿ ಬಡವಾದವು ಎಂದು ಗೊತ್ತಿದ್ದಾಗ.

ನಿಖರ ಸಂಖ್ಯೆ ಹೇಳುವ ಸ್ಪರ್ಧೆ ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಜನಪ್ರಿಯ. ಆದರೆ ಅತಿ ಹೆಚ್ಚು ಸಾಧ್ಯತೆಯ ಉತ್ತರವಾದ ಎರಡು ಗೋಲಿಗೂ ನಾಲ್ಕರಲ್ಲಿ ಒಂದೇ ಪಾಲು. ಆಟ ಬಲ್ಲವನೂ ಬಲ್ಲದವನೂ ಅಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮಕ್ಕಳಿಗೆ ಒಂದು ಸಂಜೆಯ ಖುಷಿಗೆ ಅದು ಚಂದ, ಸೀಸನ್ ಪೂರ್ತಿ ಯಾರ ಅಂದಾಜು ಗಟ್ಟಿ ಎಂದು ನೋಡಲು ಆಗದು. ಎರಡೂ ತಂಡ ಗೋಲು ಹೊಡೆಯುತ್ತವೆಯೇ ಎಂಬ ಪ್ರಶ್ನೆಗೆ ಬೇರೆ ಸ್ವಭಾವ ಇದೆ. 4-0 ಆದರೆ ಒಟ್ಟು ಗೋಲಿನವನು ಸರಿ, ಇವನು ತಪ್ಪು. 1-1 ಆದರೆ ತಿರುಗುಮುರುಗು. ಎರಡನ್ನೂ ಕೇಳಿದರೆ ಪಂದ್ಯದ ಚಿತ್ರ ಪೂರ್ತಿ ಸಿಗುತ್ತದೆ. 2.25, 2.75 ಎಂಬ ಕಾಲುಗೆರೆಗಳು ಪಣವನ್ನು ಎರಡು ಭಾಗ ಮಾಡುವವರಿಗಾಗಿ ಇರುವವು, ನಮಗೆ ಬೇಡ.

ಡರ್ಬಿ ಎಂದ ಕೂಡಲೇ ಗೋಲು ಮಳೆಯೇ?

ಡರ್ಬಿ ಎಂದರೆ ಗೋಲು ಹೆಚ್ಚು ಎಂಬ ನಂಬಿಕೆ ಗಟ್ಟಿಯಾಗಿದೆ. ಅದಕ್ಕೆ ಕಾರಣ ನಮ್ಮ ನೆನಪು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎದುರಾಗುವ ಕೋಲ್ಕತ್ತಾ ಡರ್ಬಿಯಲ್ಲಿ ಎಲ್ಲರೂ ಹೇಳುವುದು 1975ರ ಐಎಫ್‌ಎ ಶೀಲ್ಡ್ ಫೈನಲಿನ 5-0, 1997ರ ಜುಲೈ 13ರಂದು ಸಾಲ್ಟ್ ಲೇಕ್‌ನಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ ಜನರೆದುರು ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದ 4-1, 2009ರಲ್ಲಿ ಮೋಹನ್ ಬಗಾನ್ ಗೆದ್ದ 5-3. ನಡುವೆ ಎಷ್ಟೋ 0-0, 1-0 ಆಗಿ ಹೋಗಿವೆ. ಅವುಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲೂ ಹಾಗೆಯೇ. 2011ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಹೊಡೆದ 6-1, 2004ರಲ್ಲಿ ಟಾಟನ್‌ಹ್ಯಾಮ್ ಅಂಗಳದಲ್ಲಿ ಆರ್ಸೆನಲ್ ಗೆದ್ದ 5-4 ಎಲ್ಲರ ಬಾಯಲ್ಲಿವೆ.

ನಮ್ಮದೇ ಡರ್ಬಿ ನೋಡಿ. ಬ್ಲಾಸ್ಟರ್ಸ್–ಬೆಂಗಳೂರು ಐಎಸ್‌ಎಲ್ ಪಂದ್ಯಗಳಲ್ಲಿ 2022ರ ಡಿಸೆಂಬರಿನಿಂದ 2024ರ ಡಿಸೆಂಬರಿನವರೆಗಿನ ಏಳನ್ನು ಸಾಲಾಗಿ ಇಟ್ಟರೆ: ಕೊಚ್ಚಿಯಲ್ಲಿ 3-2, ಬೆಂಗಳೂರಿನಲ್ಲಿ 1-0, ಅಲ್ಲಿನ ಅದೇ ಕಂಠೀರವ ಮೈದಾನದಲ್ಲಿ ವಿವಾದದ ನಾಕೌಟ್ (ಸೋತವರು ಹೊರಬೀಳುವ ಪಂದ್ಯ, ಅದರ ಕಥೆ ಮುಂದಿದೆ), ಕೊಚ್ಚಿಯಲ್ಲಿ 2-1, ಬೆಂಗಳೂರಿನಲ್ಲಿ 1-0, ಕೊಚ್ಚಿಯಲ್ಲಿ 1-3, ಮತ್ತೆ ಬೆಂಗಳೂರಿನಲ್ಲಿ 4-2. ತೊಂಬತ್ತು ನಿಮಿಷದ ಲೆಕ್ಕದಲ್ಲಿ ಒಟ್ಟು ಗೋಲು 5, 1, 0, 3, 1, 4, 6. ಸರಾಸರಿ 2.86. 2.5ರ ಗೆರೆ ದಾಟಿದ್ದು ಏಳರಲ್ಲಿ ನಾಲ್ಕು. ಇಷ್ಟು ಹಗೆ, ಇಷ್ಟು ಕೂಗು ಇದ್ದೂ ಸಾಮಾನ್ಯ ಪಂದ್ಯಗಳಿಗಿಂತ ದೂರ ಹೋಗಿಲ್ಲ. ಸರಾಸರಿ ಸಾದಾ ಆದರೂ ಒಂದೊಂದು ಪಂದ್ಯ ಸೊನ್ನೆಗೂ ಆರಕ್ಕೂ ಜಿಗಿಯುವುದನ್ನು ಗಮನಿಸಿ. ಏಳು ಪಂದ್ಯಗಳಿಂದ ನಿಯಮ ಕಟ್ಟಬಾರದು ಎಂಬುದಕ್ಕೂ ಇದೇ ಸಾಕ್ಷಿ.

ನಿಮ್ಮ ಲೆಕ್ಕ ಹೀಗಿರಲಿ. ಎರಡೂ ತಂಡಗಳು ಆ ಸೀಸನ್‌ನಲ್ಲಿ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳಿಂದ ಪಂದ್ಯಕ್ಕೆ ಒಂದು ಸರಾಸರಿ ತೆಗೆಯಿರಿ. ಹಳೆಯ ಡರ್ಬಿಗಳಿಗೆ ಹೆಚ್ಚು ತೂಕ ಬೇಡ, ತಂಡಗಳು ಪ್ರತಿ ವರ್ಷ ಬದಲಾಗುತ್ತವೆ. ನಾಕೌಟ್ ಆದರೆ ಸರಾಸರಿ ಸ್ವಲ್ಪ ಇಳಿಸಿ, ಸೋಲುವ ಹೆದರಿಕೆಗೆ ತಂಡಗಳು ಕಾಲು ಹಿಂದೆ ಇಡುತ್ತವೆ. 2.2ಕ್ಕೆ ಇಳಿಸಿದರೆ 2.5ರ ಮೇಲಿನ ಸಾಧ್ಯತೆ 38 ಶೇಕಡಾ. ಮೂರಕ್ಕೆ ಏರಿಸಿದರೆ 58. ಸ್ಟ್ರೈಕರ್ ಗಾಯಗೊಂಡಿದ್ದಾನೆಯೇ, ಗೋಲಿ ಹೊಸಬನೇ, ಮಳೆಗೆ ಮೈದಾನ ಕೆಸರಾಗಿದೆಯೇ ಎಂಬುದನ್ನು ನೋಡಿ ಅತ್ತಿತ್ತ ಮಾಡಿ, ಆದರೆ ಒಂದೊಂದಕ್ಕೂ ದೊಡ್ಡ ಜಿಗಿತ ಬೇಡ.

ಮೊಗ್ರಾಲ್, ತ್ರಿಕ್ಕರಿಪುರದ ಕಡೆ ಸೆವೆನ್ಸ್ ನೋಡಿ ಬೆಳೆದವರಿಗೆ ಒಂದು ಮಾತು. ಏಳು ಮಂದಿಯ, ಚಿಕ್ಕ ಅಂಗಳದ ಆಟದಲ್ಲಿ ಚೆಂಡು ಎರಡು ಪಾಸಿಗೆ ಗೋಲಿನ ಎದುರು ಇರುತ್ತದೆ. ಆ ಲಯಕ್ಕೆ ಒಗ್ಗಿದ ಕಣ್ಣು ಹನ್ನೊಂದು ಮಂದಿಯ ಪಂದ್ಯದಲ್ಲೂ ಈಗ ಬಿತ್ತು, ಈಗ ಬಿತ್ತು ಎನ್ನುತ್ತಿರುತ್ತದೆ. ಸೆವೆನ್ಸಿನ ಅಂದಾಜನ್ನು ಇಲ್ಲಿಗೆ ತರಬೇಡಿ.

ಪಂದ್ಯದ ನಡುವೆ

ಆಟ ನಡೆಯುತ್ತಿರುವಾಗ ಮಾರ್ಕೆಟ್ ದರ ಹೇಗೆ ಓಡುತ್ತದೆ ಎಂದು ತಿಳಿಯಲು 2024ರ ಡಿಸೆಂಬರ್ 7ರ ಕಂಠೀರವದ ಪಂದ್ಯ ಒಳ್ಳೆಯ ಪಾಠ. ವಿರಾಮಕ್ಕೆ ಬೆಂಗಳೂರು 2-0. ಇನ್ನರ್ಧದಲ್ಲಿ ಬೀಳಬಹುದಾದ ಗೋಲು ಸರಾಸರಿ ಒಂದೂವರೆ ಎಂದು ಹಿಡಿಯೋಣ, ಎರಡನೆಯ ಅರ್ಧದಲ್ಲಿ ಗೋಲು ಸಾಮಾನ್ಯವಾಗಿ ಹೆಚ್ಚು. ಆಗ 2.5ರ ಮೇಲೆ 78 ಶೇಕಡಾ, 3.5ರ ಮೇಲೆ 44, 4.5ರ ಮೇಲೆ 19. ನಡೆದದ್ದು ಏನು? ಬ್ಲಾಸ್ಟರ್ಸ್ ಎರಡು ಹೊಡೆದು 2-2 ಮಾಡಿತು, ನಲ್ವತ್ತು ವಯಸ್ಸಿನ ಸುನಿಲ್ ಛೇತ್ರಿ ಮತ್ತೆರಡು ಹೊಡೆದು ಹ್ಯಾಟ್ರಿಕ್ ಮುಗಿಸಿದರು, 4-2. ವಿರಾಮದಲ್ಲಿ "ಇನ್ನು ಬೆಂಗಳೂರು ಬಾಗಿಲು ಹಾಕಿ ಕೂರುತ್ತದೆ" ಎಂದವರ ಮಾತು ತರ್ಕಬದ್ಧವಾಗಿಯೇ ಇತ್ತು. 19 ಶೇಕಡಾದ ಸಂಗತಿ ಐದು ಸಲಕ್ಕೊಮ್ಮೆ ನಡೆಯುತ್ತದೆ, ಅಂದು ನಡೆಯಿತು.

ಇದಕ್ಕೆ ಎದುರಾದ ಸ್ಥಿತಿ: ಅರುವತ್ತು ನಿಮಿಷ ಕಳೆದು 0-0. ಉಳಿದ ಸಮಯಕ್ಕೆ ಸರಾಸರಿ ಒಂದು ಗೋಲು ಎಂದರೆ ಮೂರು ಬೀಳುವ ಸಾಧ್ಯತೆ ಎಂಟು ಶೇಕಡಾ ಮಾತ್ರ. "ಡರ್ಬಿ ಅಲ್ಲವೇ, ಇನ್ನೂ ಬರುತ್ತದೆ" ಎಂದು ಕಾಯುವವರಿಗೆ ಈ ಅಂಕಿ ನೆನಪಿರಲಿ.

ಯಾವ ಗೋಲು ಲೆಕ್ಕಕ್ಕೆ?

ವೇದಿಕೆಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ, ಅತಿ ಹೆಚ್ಚು ಜಗಳ ಹುಟ್ಟುವುದೂ ಇಲ್ಲೇ. ರೂಢಿಯ ನಿಯಮ ತೊಂಬತ್ತು ನಿಮಿಷ ಮತ್ತು ರೆಫರಿ ಸೇರಿಸುವ ಸ್ಟಾಪೇಜ್ ಸಮಯ. ಎಕ್ಸ್‌ಟ್ರಾ ಟೈಮ್ ಹೊರಗೆ, ಪೆನಾಲ್ಟಿ ಶೂಟೌಟ್ ಹೊರಗೆ, ಸ್ವಂತ ಗೋಲು ಒಳಗೆ. ಕೆಲವು ಕಡೆ ಎಕ್ಸ್‌ಟ್ರಾ ಟೈಮ್ ಸೇರಿಸುತ್ತಾರೆ, ಆದ್ದರಿಂದ ಪ್ರಶ್ನೆಯ ಕೆಳಗಿನ ಸಣ್ಣ ಅಕ್ಷರ ಓದಲೇಬೇಕು.

2016ರ ಐಎಸ್‌ಎಲ್ ಫೈನಲ್ ತೆಗೆದುಕೊಳ್ಳಿ. ನಮ್ಮ ತ್ರಿಕ್ಕರಿಪುರದ ಮುಹಮ್ಮದ್ ರಾಫಿ ತಲೆಯಲ್ಲಿ ಹೊಡೆದ ಗೋಲಿನಿಂದ ಬ್ಲಾಸ್ಟರ್ಸ್ ಮುಂದಿತ್ತು, ವಿರಾಮಕ್ಕೆ ಮೊದಲೇ ಕೋಲ್ಕತ್ತಾ ಸಮ ಮಾಡಿತು. 1-1, ಮುಂದೆ ಶೂಟೌಟಿನಲ್ಲಿ 4-3. ಚೆಂಡು ಬಲೆಗೆ ಒಂಬತ್ತು ಸಲ ಹೋದರೂ ಒಟ್ಟು ಗೋಲು ಎರಡೇ.

ಇನ್ನು 2023ರ ಮಾರ್ಚ್ 3. ಬೆಂಗಳೂರಿನ ನಾಕೌಟ್ ತೊಂಬತ್ತು ನಿಮಿಷಕ್ಕೆ 0-0. ಎಕ್ಸ್‌ಟ್ರಾ ಟೈಮಿನ ಮೊದಲ ಭಾಗದಲ್ಲಿ, ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವ ಮೊದಲೇ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದರು, ಆಟ ಅಲ್ಲಿಗೇ ನಿಂತಿತು, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ದಂಡ ಬಿತ್ತು. ಒಟ್ಟು ಗೋಲು ಎಷ್ಟು? ತೊಂಬತ್ತು ನಿಮಿಷದ ನಿಯಮದಲ್ಲಿ ಸೊನ್ನೆ. ಎಕ್ಸ್‌ಟ್ರಾ ಟೈಮ್ ಸೇರಿದರೆ ಒಂದು. "ಪೂರ್ತಿ ಆಡದ ಪಂದ್ಯ ರದ್ದು" ಎಂಬ ನಿಯಮ ಇರುವ ಕಡೆ ಉತ್ತರವೇ ಇಲ್ಲ. ಒಂದೇ ಸಂಜೆಗೆ ಮೂರು ತೀರ್ಪು, ಮೂರೂ ತಮ್ಮ ನಿಯಮದ ಪ್ರಕಾರ ಸರಿ. ಯಾವ ವೇದಿಕೆಯನ್ನು ಓದಿದರೂ ಈ ಪಂದ್ಯವನ್ನು ಅದರ ನಿಯಮಕ್ಕೆ ಹಚ್ಚಿ ನೋಡಿ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಆ ವೇದಿಕೆಯ ದರಕ್ಕೂ ಬೆಲೆ ಕಡಿಮೆ.

ನನ್ನ ಆಯ್ಕೆ

ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಮ್ಯಾನಿಫೋಲ್ಡ್ ಎಂಬ ವೆಬ್‌ಸೈಟ್ ಚೆನ್ನಾಗಿದೆ. ಅಲ್ಲಿ ನಡೆಯುವುದು ಮಾನಾ ಎಂಬ ಆಟದ ದುಡ್ಡು. ದರ ಏರಿಳಿಯುವುದನ್ನು ಕೈಯಾರೆ ಕಲಿಯಬಹುದು, ಪ್ರಶ್ನೆಯನ್ನು ನೀವೇ ಬರೆದು ಹಾಕಲೂಬಹುದು. ತೊಂದರೆ ಎಂದರೆ ಆಟದ ದುಡ್ಡಿನಲ್ಲಿ ಜನ ಅಭಿಮಾನಕ್ಕೆ ಹಾಕುವುದು ಹೆಚ್ಚು.

ಕ್ಲಬ್ಬು, ವಾಚನಾಲಯ, ಮನೆಮಂದಿ ಸೇರಿ ನೋಡುವವರಿಗೆ ನಾನು ಮನಸಾರೆ ಹೇಳುವುದು ದುಡ್ಡಿಲ್ಲದ ಶೇಕಡಾ ಸ್ಪರ್ಧೆಯನ್ನು. 2.5ರ ಮೇಲೆ ಹೋಗುವ ಸಾಧ್ಯತೆ ಎಷ್ಟು ಶೇಕಡಾ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. ಅಂಕ ಕೊಡುವ ಕ್ರಮ ಅಮೆರಿಕದ ಹವಾಮಾನ ತಜ್ಞ ಬ್ರಯರ್ 1950ರಲ್ಲಿ ಹೇಳಿದ್ದು, ಮಳೆಯ ಮುನ್ಸೂಚನೆಯ ಗುಣ ಅಳೆಯಲು ಈಗಲೂ ಬಳಕೆಯಲ್ಲಿದೆ. ಗೆರೆ ದಾಟಿದರೆ ಫಲ 1, ಇಲ್ಲವಾದರೆ 0. ನಿಮ್ಮ ಅಂದಾಜಿಗೂ ಫಲಕ್ಕೂ ಇರುವ ಅಂತರದ ವರ್ಗವೇ ನಿಮ್ಮ ಅಂಕ, ಕಡಿಮೆ ಬಂದಷ್ಟು ಒಳ್ಳೆಯದು. ಪಂದ್ಯದಲ್ಲಿ ನಾಲ್ಕು ಗೋಲು ಬಿತ್ತು ಎನ್ನಿ. 70 ಶೇಕಡಾ ಬರೆದ ಅಕ್ಕನಿಗೆ 0.09. 55 ಬರೆದ ಭಾವನಿಗೆ 0.20. 40 ಬರೆದ ಅಣ್ಣನಿಗೆ 0.36. ಖಂಡಿತಾ ಆಗದು ಎಂದು ಸೊನ್ನೆ ಬರೆದವನಿಗೆ ಪೂರ್ತಿ 1. ಹೀಗೆ ಸೀಸನ್ ಪೂರ್ತಿ ಕೂಡಿಸುತ್ತ ಹೋದರೆ ಗಂಟಲು ದೊಡ್ಡದಿರುವವರು ಹಿಂದಾಗಿ, ತಮ್ಮ ಸಂಶಯವನ್ನು ಸರಿಯಾಗಿ ಅಳೆಯುವವರು ಮೇಲೆ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳು, ಹೈಸ್ಕೂಲಿನ ಮಕ್ಕಳು ಪಂದ್ಯದ ಮಾತಿಗೆ ಗಟ್ಟಿಯಾಗಿ ಸೇರುವುದು ಇಂಥ ಸ್ಪರ್ಧೆಯಲ್ಲಿ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಪ್ರವೇಶ ಶುಲ್ಕ ಇಡಬೇಡಿ. ಬಹುಮಾನ ಕೊಡಲೇಬೇಕು ಎಂದಿದ್ದರೆ ಕ್ಲಬ್ಬಿನ ಖರ್ಚಿನಲ್ಲಿ ಒಂದು ಚೆಂಡೋ ಜೆರ್ಸಿಯೋ ಸಾಕು. ಚೀಟಿಯ ತಲೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ: ತೊಂಬತ್ತು ನಿಮಿಷ ಮತ್ತು ಸ್ಟಾಪೇಜ್ ಮಾತ್ರ, ಸ್ವಂತ ಗೋಲು ಸೇರಿ, ಎಕ್ಸ್‌ಟ್ರಾ ಟೈಮ್ ಮತ್ತು ಶೂಟೌಟ್ ಬಿಟ್ಟು, ತೊಂಬತ್ತು ನಿಮಿಷ ಮುಗಿಯುವ ಮೊದಲೇ ಪಂದ್ಯ ನಿಂತುಹೋದರೆ ಚೀಟಿ ರದ್ದು. ಚೀಟಿ ಪಡೆಯುವ ಕೊನೆಯ ಗಳಿಗೆ ಕಿಕ್‌ಆಫ್ ಆಗಿರಲಿ. ಹನ್ನೊಂದು ಮಂದಿಯ ಪಟ್ಟಿ ಒಂದು ಗಂಟೆ ಮೊದಲೇ ಬಂದಿರುತ್ತದೆ, ಅದನ್ನು ಗೋಡೆಗೆ ಅಂಟಿಸಿದರೆ ಫೋನ್ ಇಲ್ಲದ ಅಜ್ಜನೂ ನೋಡಿ ತಮ್ಮ ಅಂಕಿ ಬರೆಯಬಹುದು.